ತಿರುಗುವ ಚಕ್ರ, ನಿಂತ ಚಕ್ರ

ಹೋದ ವರ್ಷ ಸೀಗಿ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇರುವಾಗ ನಮ್ಮ ಮನೆಯಲ್ಲಿ ನಡೆದ ಸಂಗತಿ ಇದು. ಬರೆಯಲೋ ಬೇಡವೋ ಎಂದು ಇಷ್ಟು ದಿನ ಸುಮ್ಮನಿದ್ದೆ, ನನ್ನ ತಮ್ಮನ ಮಗನಿಗೆ ಬೇಜಾರಾದೀತು ಎಂದು. ಮೊನ್ನೆ ಅವನೇ, "ಬರೀರಿ ದೊಡ್ಡಪ್ಪ, ಯಾರಿಗರ ಉಪಯೋಗ ಆಗ್ಲಿ" ಎಂದ. ಹೀಗಾಗಿ ಮಕ್ಕಳೇ, ಈ ವಾರ ಒಂದು ಪಿಕಪ್ ಗಾಡಿಯ ಕಥೆ. ನನ್ನ ವಯಸ್ಸಿನ ಮುತ್ಯಾ-ಆಯಿಗಳೂ ಕೇಳಬೇಕು. ಇದರಲ್ಲಿ ನೊಗದ ಮಾತೂ ಬರುತ್ತದೆ, ಅದು ನಮಗೇ ಚೆನ್ನಾಗಿ ಗೊತ್ತು.

ನಮ್ಮ ಹುಲಸೂರ ಸೀಮೆಯ ಎರೆ ಮಣ್ಣು ನೀವು ನೋಡಿದ್ದೀರೋ ಇಲ್ಲವೋ. ಬೇಸಿಗೆಯಲ್ಲಿ ಅದು ಕಾಲು ಹೋಗುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಉಬ್ಬಿ, ಬಿರುಕೆಲ್ಲ ಮುಚ್ಚಿ, ಅಂಟಿನಂತಾಗುತ್ತದೆ. ನೀರು ಕುಡಿದು ಉಬ್ಬುವ ಬಹಳ ನಯವಾದ ಜೇಡಿಕಣ ಅದರಲ್ಲಿ ತುಂಬಿರುವುದೇ ಕಾರಣ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಕರಗಿ ಈ ಮಣ್ಣಾಗಿದೆ. ಸೋಯಾ, ತೊಗರಿ, ಉದ್ದು, ಜೋಳ ಎಲ್ಲಕ್ಕೂ ಇದು ತಾಯಿ ಇದ್ದಂತೆ. ಆದರೆ ಗಾಡಿಯ ಟೈರಿಗೆ ವೈರಿ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿನ ಹಲ್ಲುಗಳ ಸಂದಿಯೆಲ್ಲ ತುಂಬಿಕೊಂಡು, ಹೊಸ ಟೈರೂ ಬೋಳು ಟೈರಿನಂತೆ ಜಾರತೊಡಗುತ್ತದೆ.

ಆ ದಿನ ಹೊಲದಲ್ಲಿ ಸೋಯಾ ರಾಶಿಯಾಗಿತ್ತು. 24 ಚೀಲ ಪಿಕಪ್ಪಿಗೆ ಹೇರಿದ್ದರು. ಪಿಕಪ್ಪು ಅವನದೇ, ಕೆಎ 56 ನಂಬರಿನದು, ಎರಡನೇ ಕೈಯಿಂದ ತಗೊಂಡದ್ದು, ಇನ್ನೂ ಕಂತು ಮುಗಿದಿಲ್ಲ. ಪಡುವಣ ಕಡೆ ಮೋಡ ಕಪ್ಪಾಗಿ ನಿಂತಿತ್ತು. ಡಾಂಬರು ರಸ್ತೆಗೆ ಇನ್ನೂ ಇನ್ನೂರು ಮೀಟರು ಇರುವಾಗ, ಪಕ್ಕದ ಹೊಲದ ಪೈಪು ಸೋರಿ ನೆನೆದ ಒಂದು ಜಾಗದಲ್ಲಿ ಹಿಂದಿನ ಬಲಗಾಲಿ ಇಳಿಯಿತು. ಅವನು ಎಕ್ಸಲೇಟರ್ ಒತ್ತಿದ. ಬಲಗಾಲಿ ಗಿರ್ರನೆ ತಿರುಗಿತು, ರಾಡಿ ಹಾರಿಸಿತು, ಇನ್ನಷ್ಟು ಒಳಗೆ ಹೋಯಿತು. ಎಡಗಾಲಿ ಮಾತ್ರ ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿತ್ತು. ಒಂದು ಬೆರಳಷ್ಟೂ ಅಲುಗಲಿಲ್ಲ.

ಓಣಿಯಲ್ಲಿ ಇದ್ದ ಒಂದೇ ಟ್ರ್ಯಾಕ್ಟರು ಬೇರೆ ಊರಿಗೆ ಬಾಡಿಗೆ ಹೋಗಿತ್ತು. ಅದು ಬಂದು ಹಗ್ಗ ಕಟ್ಟಿ ಎಳೆಯುವಾಗ ರಾತ್ರಿ ಹತ್ತು. ಅಷ್ಟರಲ್ಲಿ ಎರಡು ತಾಸು ಮಳೆ ಹೊಡೆದಿತ್ತು. ಇದ್ದ ಒಂದು ತಾಡಪತ್ರಿ ಮೇಲಿನ ಚೀಲಗಳಿಗೆ ಸಾಕಾಯಿತು, ಬದಿಯವು ನೆನೆದವು. ಒಂಬತ್ತು ಚೀಲದ ಕಾಳು ಕಪ್ಪಾಗಿ ಮುಗ್ಗಲು ವಾಸನೆ ಬಂತು. ದಲ್ಲಾಳಿ ಅವನ್ನು ಮುಟ್ಟಿ ನೋಡಿ, ಕೈ ಒರೆಸಿಕೊಂಡು, ಪಕ್ಕಕ್ಕೆ ಇಡಿಸಿದ. ಆ ತಿಂಗಳ ಕಂತಿಗೆ ತಮ್ಮನ ಹೆಂಡತಿಯ ಕಿವಿಯ ಓಲೆ ಒತ್ತೆ ಹೋಯಿತು. ಈ ಮಾತು ಬರೆಯಬಹುದೇ ಎಂದು ಅವಳನ್ನೂ ಕೇಳಿದ್ದೇನೆ.

ಮುಂದಿನ ವಾರ ಅವನು ನಮ್ಮ ಕಟ್ಟೆಗೆ ಬಂದು ಕೂತ.

"ದೊಡ್ಡಪ್ಪ, ಗಾಡಿ ಹಿಂಗೇ ಇಟ್ಟರ ಆಗಂಗಿಲ್ರಿ. ಡಿಫ್ರೆನ್ಸರ್ ವೆಲ್ಡಿಂಗ್ ಮಾಡಿಸಿಬಿಡ್ತೀನಿ. ಎರಡೂ ಗಾಲಿ ಕೂಡೇ ತಿರಗತಾವ. ಒಂದ್ ತಾಸಿನ ಕೆಲಸ ಅಂತ ಮಿಸ್ತ್ರಿ ಹೇಳ್ಯಾನ. ಖರ್ಚೂ ಭಾಳ ಇಲ್ಲ."

ನನ್ನ ಬಲಗೈಯ ಉಂಗುರಬೆರಳು ತಾನಾಗಿಯೇ ಒಮ್ಮೆ ನೋವಾದಂತಾಯಿತು. ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಡಿಫ್ರೆನ್ಸರ್ ಎಂದರೇನು ಎಂದು ನೋಡೋಣ. ನಮ್ಮ ಕಡೆಯ ಚಾಲಕರು ಅದನ್ನು ಹಾಗೇ ಕರೆಯುತ್ತಾರೆ, ಪುಸ್ತಕದಲ್ಲಿ ಡಿಫರೆನ್ಷಿಯಲ್ ಎಂದಿರುತ್ತದೆ.

ಲಾರಿಯ ಹಿಂದೆ ನಿಂತು ಬಗ್ಗಿ ನೋಡಿ. ಎರಡು ಗಾಲಿಗಳ ನಡುವೆ ಒಂದು ದೊಡ್ಡ ಗಡಿಗೆಯಂಥ ಕಬ್ಬಿಣದ ಗುಂಡು ಕಾಣುತ್ತದೆ. ಎಂಜಿನ್ನಿನ ತಿರುಗುವ ಬಲ ಗೇರುಬಾಕ್ಸು ದಾಟಿ, ಉದ್ದನೆಯ ಶಾಫ್ಟಿನ ಮೂಲಕ ಆ ಗಡಿಗೆಗೆ ಬರುತ್ತದೆ. ಒಳಗೆ ಸಣ್ಣ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿಗೆ ಅಂಟಿಕೊಂಡ ಗೂಡಿನಲ್ಲಿ ಪುಟ್ಟ ಗೇರುಗಳಿವೆ. ಅವು ಬಲವನ್ನು ಎಡಕ್ಕೂ ಬಲಕ್ಕೂ ಹಂಚುತ್ತವೆ.

ಹಂಚುವುದು ಯಾಕೆ, ಎರಡೂ ಗಾಲಿಗೆ ಒಂದೇ ಸರಳು ಹಾಕಿದರೆ ಸಾಲದೇ? ಇದನ್ನೇ ನನ್ನ ಮೊಮ್ಮಗಳು ಕೇಳಿದಳು. ಆರನೇ ಇಯತ್ತೆ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು ಎಂದು ಅವಳಿಗೆ ಹೇಳಿ ಹೇಳಿ ಸಾಕಾಗಿದೆ, ಈಗ ಬಿಟ್ಟಿದ್ದೇನೆ. ಅವಳನ್ನು ಕರೆದುಕೊಂಡು ಅಂಗಳಕ್ಕೆ ಹೋದೆ. 1.4 ಮೀಟರ್ ಉದ್ದದ ಬಿದಿರು ಕೋಲು ತಂದೆವು. ಪಿಕಪ್ಪಿನ ಎಡ-ಬಲ ಗಾಲಿಗಳ ನಡುವಿನ ದೂರ ಹೆಚ್ಚು ಕಡಿಮೆ ಅಷ್ಟೇ. ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ನೇರ ನಡೆದಾಗ ಇಬ್ಬರದೂ ಸಮ. ಆಮೇಲೆ ನಾನು ನಿಂತಲ್ಲೇ ತಿರುಗಿದೆ, ಅವಳು ನನ್ನ ಸುತ್ತ ಒಂದು ಪೂರ್ತಿ ಸುತ್ತು ಬಂದಳು. ನಾನು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ, ಅವಳು ಸುಮಾರು 8.8 ಮೀಟರ್ ನಡೆದಿದ್ದಳು. ಲೆಕ್ಕ ಬೇಕಾದವರು 1.4ನ್ನು ಎರಡರಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿ.

ಸಾಮಾನ್ಯ ಕಾಲುಸುತ್ತಿನ ತಿರುವಿನಲ್ಲೂ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಓಡಲೇಬೇಕು. ತಿರುವು ಸಣ್ಣದಿರಲಿ, ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಬೇಕಾದರೆ ಬೇರೆ ಬೇರೆ ಅಳತೆಯ ತಿರುವಿಗೆ ಲೆಕ್ಕ ಮಾಡಿ ನೋಡಿ, ನನಗೂ ಮೊದಲ ಸಲ ಆಶ್ಚರ್ಯವಾಗಿತ್ತು. ಎರಡೂ ಗಾಲಿಯನ್ನು ಒಂದೇ ಸರಳಿಗೆ ಬಿಗಿದರೆ, ತಿರುವಿನಲ್ಲಿ ಯಾವುದಾದರೂ ಒಂದು ಗಾಲಿ ನೆಲ ಉಜ್ಜಿಕೊಂಡು ಜಾರಲೇಬೇಕು. ಈ ತೊಡಕನ್ನು ಬಿಡಿಸಲು 1828ರ ಸುಮಾರಿಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬ ಗಡಿಯಾರದ ಕುಶಲಿಗ ಹಬೆಗಾಡಿಗಾಗಿ ಡಿಫರೆನ್ಷಿಯಲ್ಲಿಗೆ ಪೇಟೆಂಟು ಪಡೆದ. ಆಗಿನ್ನೂ ಪೆಟ್ರೋಲು ಕಾರು ಹುಟ್ಟಿರಲಿಲ್ಲ.

ಇಷ್ಟು ಒಳ್ಳೆಯ ಉಪಕರಣ ಕೆಸರಿನಲ್ಲಿ ಯಾಕೆ ಕೈಕೊಡುತ್ತದೆ? ಇಲ್ಲಿ ನೊಗ ಬೇಕು. ಎರಡು ಎತ್ತು ಕಟ್ಟಿದ ನೊಗವನ್ನು ನೆನಪಿಸಿಕೊಳ್ಳಿ. ನಡುವೆ ಒಂದೇ ಕಟ್ಟು. ಒಂದು ಎತ್ತು ಬಲಶಾಲಿ, ಇನ್ನೊಂದು ಬಡಕಲು. ಬಲದ ಎತ್ತು ಜೋರಾಗಿ ಎಳೆದರೆ ಏನಾಗುತ್ತದೆ? ನೊಗ ಓರೆಯಾಗುತ್ತದೆ. ಬಡ ಎತ್ತು ಎಷ್ಟು ಎಳೆದೀತೋ ಅಷ್ಟೇ ಬಲದ ಎತ್ತಿನಿಂದಲೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ನಮ್ಮ ಹಿರಿಯರು ನೊಗದ ಕಟ್ಟನ್ನು ಸ್ವಲ್ಪ ಸರಿಸಿ, ಉದ್ದದ ಭಾಗವನ್ನು ಬಡ ಎತ್ತಿನ ಕಡೆ ಬಿಡುತ್ತಿದ್ದರು. ಡಿಫ್ರೆನ್ಸರ್ ಕೂಡ ಒಂದು ಸುತ್ತುವ ನೊಗ. ಎರಡೂ ಗಾಲಿಗೆ ಯಾವಾಗಲೂ ಸಮ ಬಲ ಹಂಚುತ್ತದೆ. ರಾಡಿಯಲ್ಲಿರುವ ಗಾಲಿಗೆ ಹಿಡಿತವೇ ಇಲ್ಲ, ಅದನ್ನು ತಿರುಗಿಸಲು ಬಲವೇ ಬೇಡ. ಹಾಗಾಗಿ ಗಟ್ಟಿ ನೆಲದ ಗಾಲಿಗೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಅದು ನಿಂತುಬಿಡುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದು. ಒಂದು ಸ್ಕೇಲಿನ ನಟ್ಟನಡುವೆ ದಾರ ಕಟ್ಟಿ. ಎರಡು ತುದಿಗೂ ಒಂದೊಂದು ದಾರ ಕಟ್ಟಿ, ಒಂದಕ್ಕೆ ತೆಳು ನೋಟುಬುಕ್ಕು, ಇನ್ನೊಂದಕ್ಕೆ ದಪ್ಪ ಪುಸ್ತಕ ಬಿಗಿಯಿರಿ. ನಡುವಿನ ದಾರ ಹಿಡಿದು ಮೇಜಿನ ಮೇಲೆ ಎಳೆಯಿರಿ. ನೋಟುಬುಕ್ಕು ಮಾತ್ರ ಬರುತ್ತದೆ, ಸ್ಕೇಲು ಓರೆಯಾಗುತ್ತದೆ. ಈಗ ಸ್ಕೇಲು ಓರೆಯಾಗದಂತೆ ಎರಡು ಕೈಯಿಂದ ಹಿಡಿದು ಎಳೆಯಿರಿ. ಎರಡೂ ಬಂದವು. ಎರಡನೆಯದು ಬೀಗ ಹಾಕಿದ ಡಿಫ್ರೆನ್ಸರ್. ಮೊಮ್ಮಗಳು ದಪ್ಪ ಪುಸ್ತಕ ಎಂದು ನನ್ನ ಹಳೆಯ ಭೌತಶಾಸ್ತ್ರದ ಪುಸ್ತಕ ಕಟ್ಟಿದ್ದಳು, ಅದರ ರಟ್ಟು ಕಿತ್ತುಬಂತು. ನೀವು ಬೇರೆ ಏನಾದರೂ ಕಟ್ಟಿ.

"ಅದನ್ನೇ ನಾ ಹೇಳಾದು," ಎಂದ ತಮ್ಮನ ಮಗ, "ವೆಲ್ಡಿಂಗ್ ಮಾಡಿದರ ಬೀಗ ಬಿದ್ದಂಗೇ ಆತಲ್ರಿ."

ಬೀಗ ಹೌದು, ಆದರೆ ಕೀಲಿಕೈ ಇಲ್ಲದ ಬೀಗ. ಒಳಗಿನ ಪುಟ್ಟ ಗೇರುಗಳನ್ನು ಬೆಸುಗೆ ಹಾಕಿದರೆ ಹೊಲದಲ್ಲೂ ಬಿಗಿ, ಡಾಂಬರಿನ ಮೇಲೂ ಬಿಗಿ.

ಈಗ ಬೆರಳಿನ ಕಥೆ. 1987ರ ಮಳೆಗಾಲ. ನಾನು ಹೊಸ ಮಾಸ್ತರ. ಬಸವಕಲ್ಯಾಣದಿಂದ ಊರಿಗೆ ಬರಲು ಬಸ್ಸು ತಪ್ಪಿ, ಪರಿಚಯದ ಒಬ್ಬರ ಜೀಪು ಹತ್ತಿದೆ. ಹೆಸರು ಬೇಡ. ಅವರು ಕಲ್ಲು ಸಾಗಿಸುವ ದಾರಿಗೆಂದು ಅದರ ಹಿಂದಿನ ಡಿಫ್ರೆನ್ಸರಿಗೆ ಬೆಸುಗೆ ಹಾಕಿಸಿದ್ದರು. ಹಾದಿಯುದ್ದಕ್ಕೂ ಅದರ ಗುಣಗಾನ ಕೇಳಿದೆ. ತಿರುವುಗಳಲ್ಲಿ ಟೈರು ಕಿರ್ ಕಿರ್ ಎನ್ನುತ್ತಿತ್ತು. ತುಂತುರು ಬಿದ್ದು ಡಾಂಬರು ಆಗ ತಾನೆ ಒದ್ದೆಯಾಗಿತ್ತು. ಒಂದು ಎಡತಿರುವಿನಲ್ಲಿ ಅವರು ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಜೀಪು ತಿರುಗಲಿಲ್ಲ. ಹಿಂದಿನ ಎರಡು ಗಾಲಿಗಳು ಒಂದೇ ವೇಗದಲ್ಲಿ ನೇರಕ್ಕೆ ತಳ್ಳುತ್ತಲೇ ಇದ್ದವು, ಮುಂದಿನ ಗಾಲಿಗಳು ಓರೆಯಾಗಿಯೇ ಜಾರಿದವು. ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿದೆವು. ಯಾರ ಜೀವವೂ ಹೋಗಲಿಲ್ಲ. ನನ್ನ ಬೆರಳು ಮುರಿಯಿತು, ಸರಿಯಾಗಿ ಕೂಡಲಿಲ್ಲ. ಮೂವತ್ತು ವರ್ಷ ಬೋರ್ಡಿನ ಮೇಲೆ ಸೊಟ್ಟ ಅಕ್ಷರ ಬರೆದವನು ನಾನು, ನನ್ನ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಕಾರಣ ಈಗ ತಿಳಿಯಲಿ.

ತಮ್ಮನ ಮಗನ ಗಾಡಿ ಹೊಲದಲ್ಲಿ ಓಡುವುದು ವರ್ಷಕ್ಕೆ ಎಷ್ಟು ದಿನ? ಉಳಿದ ದಿನವೆಲ್ಲ ಬಸವಕಲ್ಯಾಣ, ಭಾಲ್ಕಿ, ಸಸ್ತಾಪುರ ಬಂಗ್ಲಾ ದಾಟಿ ಹೈದರಾಬಾದಿನ ಹೆದ್ದಾರಿ. ಕ್ಯಾಬಿನ್ನಿನಲ್ಲಿ ಪಕ್ಕಕ್ಕೆ ಒಮ್ಮೊಮ್ಮೆ ಅವನ ಅವ್ವ, ಒಮ್ಮೊಮ್ಮೆ ಈ ಹುಡುಗಿ. ಇದನ್ನು ಹೇಳಿದೆ. ಅವನು ನನ್ನ ಬೆರಳು ನೋಡಿದ, ಏನೂ ಅನ್ನಲಿಲ್ಲ. ಎದ್ದು ಹೋದ. ಅವನಿಗೆ ಸಿಟ್ಟು ಬಂದಿತ್ತು. ಒಂಬತ್ತು ಚೀಲ ನೆನೆದದ್ದು ಅವನದು, ಉಪದೇಶ ನನ್ನದು. ಆ ಸಿಟ್ಟಿನಲ್ಲಿ ನ್ಯಾಯವಿತ್ತು.

ಎರಡು ದಿನ ಬಿಟ್ಟು ಬಂದ. ಈ ಸಲ ಇನ್ನೂ ದೊಡ್ಡ ವಿಚಾರ. "ಫೋರ್ ವ್ಹೀಲ್ ಮಾಡಿಸಿದರ?"

ಇದು ಸುಲಭವಲ್ಲ, ಆದರೆ ಕೇಳಲು ರುಚಿಯಾದ ವಿಷಯ. ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿ ಎಂದರೆ ನಮಗೆಲ್ಲ ಜೀಪು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು. ಹಳೆಯ ಜೀಪಿನಲ್ಲಿ ಗೇರ್ ಕಡ್ಡಿಯ ಪಕ್ಕ ಇನ್ನೆರಡು ಗಿಡ್ಡ ಕಡ್ಡಿಗಳಿರುತ್ತಿದ್ದವು. ಒಂದು ಎಳೆದರೆ ಮುಂದಿನ ಗಾಲಿಗೂ ಬಲ. ಇನ್ನೊಂದು ಎಳೆದರೆ ಬಲ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಪಟ್ಟು ಕಡಿಮೆ. ಗೇರುಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯ ಕೆಲಸ ಇದು. ಇಂದಿಗೂ ಕೊಡಚಾದ್ರಿಗೆ, ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಹತ್ತುವ ಜೀಪುಗಳಲ್ಲಿ ಕೂತವರಿಗೆ ಈ ನಿಧಾನದ ಶಕ್ತಿ ಏನೆಂದು ಗೊತ್ತು. ನಡೆದುಹೋಗುವವರಿಗಿಂತ ಸ್ವಲ್ಪ ಬೇಗ, ಅಷ್ಟೇ, ಆದರೆ ಕಲ್ಲಿನ ಮೇಲೆ ಹಲ್ಲಿಯಂತೆ.

ಹಿಂದಿನ ಗಾಲಿಯ ಪಿಕಪ್ಪನ್ನು ಹಾಗೆ ಮಾಡಲು ಒಂದು ಟ್ರಾನ್ಸ್‌ಫರ್ ಕೇಸ್ ಬೇಕು. ಮುಂದೆ ಬಲ ಹೊರುವ ಆಕ್ಸಲ್, ಅದರೊಳಗೆ ಇನ್ನೊಂದು ಡಿಫ್ರೆನ್ಸರ್, ಮತ್ತೊಂದು ಶಾಫ್ಟು ಬೇಕು. ಮುಂದಿನ ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್ ಪೈಪು ಎಲ್ಲ ಬದಲಾಗುತ್ತವೆ. ಮುಂದಿನ, ಹಿಂದಿನ ಕ್ರೌನ್-ಪಿನಿಯನ್ ಹಲ್ಲಿನ ಲೆಕ್ಕ ಒಂದೇ ಇರಬೇಕು. ಇಲ್ಲದಿದ್ದರೆ ಮುಂದಿನ ಗಾಲಿ ಒಂದು ವೇಗ ಕೇಳಿದರೆ ಹಿಂದಿನದು ಇನ್ನೊಂದು ಕೇಳಿ, ನಡುವಿನ ಗೇರುಗಳು ಮುರಿಯುತ್ತವೆ. ಇಷ್ಟಾದರೂ ಒಂದು ಗುಟ್ಟು ಉಳಿಯುತ್ತದೆ. ಬೀಗವಿಲ್ಲದ ಡಿಫ್ರೆನ್ಸರ್ ಇದ್ದರೆ, ಮುಂದೆ ಒಂದು ಗಾಲಿ, ಹಿಂದೆ ಒಂದು ಗಾಲಿ ರಾಡಿಯಲ್ಲಿ ಸಿಕ್ಕರೆ ಫೋರ್ ವ್ಹೀಲ್ ಗಾಡಿಯೂ ನಿಂತಲ್ಲೇ ಎರಡು ಗಾಲಿ ತಿರುಗಿಸುತ್ತ ಕೂರುತ್ತದೆ.

ಕಾಯ್ದೆಯ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ನಮೂನೆಗೆ ಹೊರತಾಗಿ ಗಾಡಿಯ ರಚನೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ನಾಳೆ ಅಪಘಾತವಾದರೆ ವಿಮೆಯವರು ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡುತ್ತಾರೆ. ದೊಡ್ಡ ಟೈರು ಹಾಕುವವರೂ ಕೇಳಿ: ಟೈರಿನ ಅಡ್ಡಳತೆ ಹತ್ತಕ್ಕೆ ಒಂದು ಪಾಲು ಹೆಚ್ಚಾದರೆ, ಮೀಟರು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕಿಗೂ ಕೆಲಸ ಹೆಚ್ಚು.

ಕೀಲಿಕೈ ಇರುವ ಬೀಗ ಇಲ್ಲವೇ? ಇದೆ. ನಿಮ್ಮ ಊರಿನ ಟ್ರ್ಯಾಕ್ಟರಿನಲ್ಲೇ ಇದೆ. ಚಾಲಕನ ಕಾಲ ಹತ್ತಿರ ಒಂದು ಸಣ್ಣ ಪೆಡಲು ನೋಡಿ, ಅದನ್ನು ತುಳಿದರೆ ಎರಡು ದೊಡ್ಡ ಗಾಲಿಗಳು ಒಂದಾಗುತ್ತವೆ, ಬಿಟ್ಟರೆ ಬೇರೆಯಾಗುತ್ತವೆ. ತಿರುವಿನಲ್ಲಿ ಅದನ್ನು ತುಳಿಯಬಾರದು. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕೂ ಇರುತ್ತದೆ. ರಾಡಿಯಲ್ಲಿ ಸುಮ್ಮನೆ ತಿರುಗುವ ಗಾಲಿಗೆ ಮಾತ್ರ ಬ್ರೇಕು ಒತ್ತಿದರೆ, ಅದನ್ನು ತಿರುಗಿಸಲು ಬಲ ಬೇಕಾಗುತ್ತದೆ, ಅಷ್ಟೇ ಬಲ ಎದುರಿನ ಗಾಲಿಗೂ ಸಿಗುತ್ತದೆ. ನೊಗದ ಲೆಕ್ಕವೇ. ಬಡ ಎತ್ತಿಗೆ ಕೆಲಸ ಕೊಟ್ಟು ಬಲದ ಎತ್ತನ್ನು ಎಬ್ಬಿಸಿದಂತೆ. ಇವತ್ತಿನ ಹೊಸ ಕಾರುಗಳಲ್ಲಿ ಕಂಪ್ಯೂಟರು ಇದನ್ನೇ ಕ್ಷಣಕ್ಕೆ ಹಲವು ಸಲ ಮಾಡುತ್ತದೆ, ನಮ್ಮ ಟ್ರ್ಯಾಕ್ಟರ್ ಚಾಲಕರು ಕಾಲಿನಿಂದ ಮಾಡುತ್ತಿದ್ದರು. ಮಹೀಂದ್ರಾ ಥಾರ್‌ಗೆ 2015ರಿಂದ ತಾನಾಗಿಯೇ ಬೀಳುವ ಬೀಗ ಬಂದಿದೆ. ಒಂದು ಹಿಂಗಾಲಿ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದರೆ ಒಳಗಿನ ಕೊಕ್ಕೆ ಸಿಕ್ಕಿ ಎರಡನ್ನೂ ಕೂಡಿಸುತ್ತದೆ, ವೇಗ ಹೆಚ್ಚಾದಾಗ ಬೀಳುವುದಿಲ್ಲ.

ಅವನು ಇದನ್ನೆಲ್ಲ ಕೇಳಿ, "ಅಂದರ ಈ ಗಾಡಿಗೆ ಏನೂ ಮಾಡಂಗಿಲ್ಲ ಅನ್ರಿ," ಎಂದ.

ಆಗ ಉತ್ತರ ಕೊಟ್ಟವಳು ಅವನ ಅವ್ವ. ಒಳಗಿನಿಂದ ಚಹಾ ತರುತ್ತಿದ್ದವಳು, "ಗಾಡಿಗಿ ಯಾಕ ಮಾಡ್ತಿ, ಹಾದಿಗಿ ಮಾಡು," ಎಂದಳು. ನಾನು ಇಷ್ಟು ಹೊತ್ತು ಗೇರು, ಸ್ಕೇಲು, ಕಾಯ್ದೆ ಎಂದು ಮಾತಾಡಿದ್ದೆ, ನನಗೆ ಇದು ಹೊಳೆದಿರಲಿಲ್ಲ.

ಎಳ್ಳ ಅಮಾಸಿಗೆ ಎಲ್ಲರೂ ಹೊಲಕ್ಕೆ ಹೋದೆವು. ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಅಂಬಲಿ ಉಂಡು ಕೂತಾಗ ಅಕ್ಕಪಕ್ಕದ ಹೊಲದವರನ್ನೂ ಕರೆದು ಅವನು ಮಾತು ತೆಗೆದ. ಆ ಇನ್ನೂರು ಮೀಟರು ಬಂಡಿದಾರಿಗೆ ಮುರುಮು ಹಾಕಿಸುವುದು, ಖರ್ಚು ಐದು ಮನೆಗೆ ಹಂಚುವುದು. ಬೀದರ ಸೀಮೆಯಲ್ಲಿ ಕೆಂಪು ಮುರುಮಿಗೆ ಬರವಿಲ್ಲ. ನಾಲ್ಕು ಮನೆಯವರು ಒಪ್ಪಿದರು. ಐದನೆಯವರು, "ನಮ್ಮದು ಬಂಡಿ, ನಮಗ ಬ್ಯಾಡ," ಎಂದರು. ಅವರ ಹೊಲದ ಮುಂದಿನ ನಲವತ್ತು ಮೀಟರು ಇನ್ನೂ ಎರೆ ಮಣ್ಣೇ.

ಈ ಸಲ ಮಿರಗ ಚೆನ್ನಾಗಿ ಸುರಿಯಿತು. ಬಿತ್ತನೆ ಬೀಜ, ಗೊಬ್ಬರ ಹೊತ್ತ ಗಾಡಿ ಸರಿಯಾಗಿ ಆ ನಲವತ್ತು ಮೀಟರಿನಲ್ಲೇ ಸಿಕ್ಕಿತು. ಬಲಗಾಲಿ ಮತ್ತೆ ಗಿರ್ರೆಂದಿತು. ಈಗ ಅವನು ಎಕ್ಸಲೇಟರ್ ಒತ್ತುತ್ತ ಕೂರಲಿಲ್ಲ. ಇಳಿದ. ಗಾಡಿಯಲ್ಲಿ ಈಗ ಸಲಿಕೆ, ಎರಡು ಹಲಗೆ, ಹಳೆಯ ಗೋಣಿಚೀಲ, ಗಟ್ಟಿ ಹಗ್ಗ, ಗಾಳಿ ಪಂಪು ಯಾವಾಗಲೂ ಇರುತ್ತವೆ. ಗೊಬ್ಬರದ ಚೀಲ ಇಳಿಸಿದರು. ಗಾಲಿಯ ಮುಂದಿನ ರಾಡಿ ಇಳಿಜಾರಾಗಿ ತೋಡಿ, ಟೈರಿಗೆ ಅಂಟಿದ್ದನ್ನು ಕೆರೆದು, ಹಲಗೆ ತಳ್ಳಿದರು. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಕೂರುತ್ತದೆ, ಮರಳಿನಲ್ಲಿ ಬಹಳ ಉಪಯೋಗ, ಎರೆಯಲ್ಲಿ ಅಷ್ಟಕ್ಕಷ್ಟೇ. ಇಳಿಸಿದವರು ಡಾಂಬರು ಹತ್ತುವ ಮೊದಲು ತುಂಬಿಸಲೇಬೇಕು. ಎರಡನೇ ಗೇರಿನಲ್ಲಿ, ನಿಧಾನವಾಗಿ, ಕ್ಲಚ್ಚು ಹದವಾಗಿ ಬಿಟ್ಟ. ಮೊದಲ ಸಲ ಹಲಗೆಯೇ ಹಿಂದಕ್ಕೆ ಹಾರಿತು. ಹಿಂದೆ ಯಾರೂ ನಿಲ್ಲಬಾರದೆಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಎರಡನೇ ಸಲ ಹಲಗೆಯ ಮೇಲೆ ಗೋಣಿಚೀಲ ಹಾಸಿದರು, ಗಾಡಿ ಏದುಸಿರು ಬಿಡುತ್ತ ಮೇಲೆ ಬಂತು. ಬೀಜ ಒಣಗಿಯೇ ಮನೆ ಸೇರಿತು.

ಓಲೆ ಇನ್ನೂ ಬಿಡಿಸಿಲ್ಲ. ಕಂತು ಮುಗಿದ ಮೇಲೆ ಕಂಪನಿಯಲ್ಲೇ ತಯಾರಾದ ಫೋರ್ ವ್ಹೀಲ್ ಪಿಕಪ್ಪು ಹಳೆಯದು ಎಲ್ಲಾದರೂ ಸಿಕ್ಕರೆ ನೋಡುತ್ತೇನೆ ಎನ್ನುತ್ತಾನೆ. ನೋಡಲಿ.

ಆ ದಿನ ಗಾಡಿ ಎತ್ತುವಾಗ ಐದನೇ ಮನೆಯವರ ಎತ್ತಿನ ಬಂಡಿ ಪಕ್ಕದಲ್ಲೇ ಹಾದುಹೋಯಿತು, ಮೇಲೆ ಕೂತ ಯಜಮಾನರು ನಮ್ಮನ್ನು ನೋಡಿ ಮೀಸೆಯಲ್ಲೇ ನಕ್ಕರು. ಬಂಡಿ ಹೊಲದ ಮೂಲೆಯಲ್ಲಿ ತಿರುಗಿದ್ದನ್ನು ನೋಡುತ್ತ ನನ್ನ ಮೊಮ್ಮಗಳು ಕೇಳಿದಳು: "ಮುತ್ಯಾ, ಬಂಡಿಗೂ ಎರಡು ಗಾಲಿ ಅವ. ಅದೂ ತಿರುವು ತಗೋತದ. ಅದಕ್ಕ ಡಿಫ್ರೆನ್ಸರ್ ಯಾಕ ಬ್ಯಾಡ?"

ಮಕ್ಕಳೇ, ನೀವೂ ಯೋಚಿಸಿ. ಊರಿನಲ್ಲಿ ಬಂಡಿ ಇದ್ದರೆ ಹತ್ತಿರ ಹೋಗಿ, ಗಾಲಿ ಅಚ್ಚಿನ ಮೇಲೆ ಹೇಗೆ ಕೂತಿದೆ ಎಂದು ಮುಟ್ಟಿ ನೋಡಿ. ಇಲ್ಲದವರು ಮುತ್ಯಾನನ್ನು ಕೇಳಿ. ಉತ್ತರ ಮುಂದಿನ ವಾರ.